ಬೋಟು ಬಂದ್, ಬಡ್ಡಿ ಚಾಲೂ

ಹೋದ ತಿಂಗಳು ಒಂದು ಬುಧವಾರ ಬೆಳಿಗ್ಗೆ ಮಾದೇವಿ ನಮ್ಮ ಗೇಟು ತೆಗೆದು ಬಂದಳು. ತಲೆ ಮೇಲಿನ ಬುಟ್ಟಿ ಇಳಿಸಿದಳು. ಮೇಲೆ ಮುಚ್ಚಿದ್ದ ಪ್ಲಾಸ್ಟಿಕ್ ಸರಿಸಿದಳು. ನಮ್ಮ ಬೆಕ್ಕು ಎಂದಿನಂತೆ ಓಡಿ ಬಂತು. ನಾನೂ ಎಂದಿನಂತೆ ಪಾತ್ರೆ ಹಿಡಿದು ಬಂದೆ. ಬುಟ್ಟಿಯಲ್ಲಿ ಮೀನಿರಲಿಲ್ಲ. ಒಂದು ಕಟ್ಟು ಕಾಗದ ಇತ್ತು.

ಬೆಕ್ಕು ಮೂಸಿ ನೋಡಿ ವಾಪಸ್ ಹೋಯಿತು. ನನಗೆ ಹಾಗೆ ಹೋಗಲು ಬರುತ್ತದೆಯೇ?

"ಅಕ್ಕೋರೆ, ಇದ್ರಲ್ಲಿ ಎಂತ ಬರ್ದಿದ್ರು, ಒಂಚೂರು ಓದಿ ಹೇಳ್ತ್ರಾ? ನಮ್ಮನೆಯವ್ರು ಹಾಸ್ಗೆ ಅಡಿಗೆ ಇಟ್ಕಂಡಿದ್ರು."

(ನಮ್ಮ ಕಡೆ ಶಾಲೆಯ ಮೇಡಂ ಅಂದರೆ ಅಕ್ಕೋರು. ನಾನು ಹೊನ್ನಾವರದ ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತಿಯಾಗಿ ಆರು ವರ್ಷವಾಯಿತು. ಸರ್ಕಾರ ಬಿಟ್ಟಿದೆ, ಊರು ಬಿಟ್ಟಿಲ್ಲ.)

ಮಾದೇವಿ ಮಾವಿನಕುರ್ವೆಯವಳು. ಹದಿನೇಳು ವರ್ಷದಿಂದ ನಮ್ಮ ಓಣಿಗೆ ಮೀನು ತರುತ್ತಿದ್ದಾಳೆ. ಅವಳ ಗಂಡ ಮಂಜುನಾಥ ಬೋಟಿನಲ್ಲಿ ಬಲೆ ಎಳೆಯುವವ. ಎಂಟನೇ ಕ್ಲಾಸಿನಲ್ಲಿ ನನ್ನ ಶಿಷ್ಯ. ಕೊನೆಯ ಬೆಂಚು, ಕಿಟಕಿ ಪಕ್ಕ, ಕಣ್ಣು ಸದಾ ಹೊಳೆ ಕಡೆಗೆ.

ಕಾಗದ ಬಿಡಿಸಿ ನೋಡಿದೆ. ಕ್ರೆಡಿಟ್ ಕಾರ್ಡಿನ ಸ್ಟೇಟ್‌ಮೆಂಟು. ಒಂದಲ್ಲ, ಹತ್ತು ತಿಂಗಳಿನದು. ಕೊನೆಯದರಲ್ಲಿ ಮೂವತ್ತೆಂಟು ಸಾವಿರ ಚಿಲ್ಲರೆ ಬಾಕಿ. ಅದರ ಜೊತೆಗೆ ಮೊಬೈಲಿನ ಯಾವುದೋ ಆ್ಯಪಿನಲ್ಲಿ ತೆಗೆದ ಸಾಲ ಬೇರೆ. ಆ ಆ್ಯಪಿನವರು ಮಂಜುನಾಥ ಫೋನ್ ಎತ್ತುವುದಿಲ್ಲವೆಂದು ಮಾದೇವಿಗೇ ಮಾಡಿದ್ದಾರೆ. ಅದೂ ಮಾರ್ಕೆಟ್ಟಿನಲ್ಲಿ ನಾಲ್ಕು ಜನರ ನಡುವೆ ವ್ಯಾಪಾರ ಮಾಡುತ್ತಿದ್ದಾಗ. ಹಾಗಾಗಿ ಹಾಸಿಗೆ ಎತ್ತಿ ನೋಡುವ ಪ್ರಸಂಗ ಬಂದಿದೆ.

"ಈಗ ಇವ್ರು ಪೆಟ್ಗೆ ಮಾರ್ವಾ ಅಂತ್ರು," ಅಂದಳು.

ಪೆಟ್ಟಿಗೆ ಅಂದರೆ ಡೀಪ್ ಫ್ರೀಜರ್. ಹೋದ ದೀಪಾವಳಿಗೆ ಭಟ್ಕಳದ ಒಂದು ಅಂಗಡಿಯಿಂದ ಇದೇ ಕಾರ್ಡಿನಲ್ಲಿ ಇಪ್ಪತ್ತೆಂಟು ಸಾವಿರ ಕೊಟ್ಟು ತಂದದ್ದು. ಶೋಕಿಗೆ ತಂದದ್ದಲ್ಲ. ಅಲ್ಲಿಯವರೆಗೆ ಮಾದೇವಿಯ ದಿನ ಹೇಗಿತ್ತೆಂದು ನನಗೆ ಗೊತ್ತು. ಹನ್ನೊಂದೂವರೆಗೆ ಬುಟ್ಟಿಯಲ್ಲಿ ಮೀನು ಉಳಿದಿದ್ದರೆ ಅವಳ ಮುಖ ಬಾಡುತ್ತಿತ್ತು. ನೂರಕ್ಕೆ ಹತ್ತು ಬಂಗಡೆ ಎಂದವಳು ಹದಿನೈದು ಅನ್ನುತ್ತಿದ್ದಳು, ಇಪ್ಪತ್ತು ಅನ್ನುತ್ತಿದ್ದಳು. ನಾವು ಓಣಿಯ ಹೆಂಗಸರು ಅದಕ್ಕೇ ಕಾದು, ಹನ್ನೆರಡಾದ ಮೇಲೆ ಗೇಟಿಗೆ ಬರುತ್ತಿದ್ದೆವು. (ಹೌದು, ನಾನೂ.) ಪೆಟ್ಟಿಗೆ ಬಂದ ಮೇಲೆ ಅವಳು ಉಳಿದದ್ದನ್ನು ಮುಚ್ಚಿಕೊಂಡು ಆರಾಮಾಗಿ ಮನೆಗೆ ಹೋಗುತ್ತಾಳೆ. "ಬೇಕಾದ್ರೆ ತಕಳಿ, ಇಲ್ದಿದ್ರೆ ನಾಳೆಗೆ ಬತ್ತೆ," ಅನ್ನುತ್ತಾಳೆ. ಹದಿನೇಳು ವರ್ಷದಲ್ಲಿ ಮೊದಲ ಬಾರಿಗೆ ಅವಳು ಹೇಳಿದ್ದು ರೇಟು.

ಆ ಪೆಟ್ಟಿಗೆಯನ್ನು ಈಗ ಅರ್ಧ ಬೆಲೆಗೆ ಕೊಡುವುದಂತೆ. ಸಿಟ್ಟು ಬಂತು ನನಗೆ. "ಅವನನ್ನು ನಾಳೆ ಕರೆದುಕೊಂಡು ಬಾ," ಅಂದೆ.

ಮರುದಿನ ಮಂಜುನಾಥ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದ. ಕೂರು ಅಂದರೂ ಕೂರಲಿಲ್ಲ. ಹೋಂವರ್ಕ್ ತರದ ದಿನ ಹೇಗೆ ನಿಲ್ಲುತ್ತಿದ್ದನೋ ಹಾಗೇ ಬಾಗಿಲ ಪಕ್ಕ ನಿಂತ. ನಲವತ್ತು ದಾಟಿದ ಗಂಡಸು. ಮಾದೇವಿ ಮೆಟ್ಟಿಲ ಮೇಲೆ ಕೂತು ಬೇರೆ ಕಡೆ ನೋಡುತ್ತಿದ್ದಳು. ನಾನು ಹಳೇ ಕ್ಯಾಲೆಂಡರಿನ ಹಾಳೆ ಹರಿದು, ಅದರ ಹಿಂದೆ ಲೆಕ್ಕ ಬರೆಯತೊಡಗಿದೆ.

"ಮೊದಲ ತಿಂಗಳು ಎಷ್ಟು ಕಟ್ಟಿದೆ?"

"ಸಾವಿರದ ನಾಲ್ಕುನೂರು ಅಕ್ಕೋರೆ. ಅದ್ರಲ್ಲೇ ಬರ್ದಿತ್ತಲ್ಲ, ಮಿನಿಮಮ್ ಡ್ಯೂ ಅಂತ. ಕಂತು ಅದೇ ಅಂದ್ಕಂಡೆ. ಸಾವಿರದ ನಾಲ್ಕುನೂರು ಇಪ್ಪತ್ತು ಸಲ ಕಟ್ಟಿದ್ರೆ ಇಪ್ಪತ್ತೆಂಟು ಸಾವಿರ ಆತು. ಲೆಕ್ಕ ಸಮ ಬಂತು."

ಲೆಕ್ಕ ಸಮ ಬಂದಿತ್ತು ನೋಡಿ. ಪರೀಕ್ಷೆಯಲ್ಲಾಗಿದ್ದರೆ ಪೂರ್ತಿ ಅಂಕ ಕೊಡುತ್ತಿದ್ದೆ. ಆದರೆ ಆ ಸಾವಿರದ ನಾಲ್ಕುನೂರರಲ್ಲಿ ಬಡ್ಡಿಗೆ, ಬಡ್ಡಿಯ ಮೇಲಿನ ತೆರಿಗೆಗೆ ಹೋಗಿ ಅಸಲಿಗೆ ಮುಟ್ಟುತ್ತಿದ್ದದ್ದು ಬರೀ ಇನ್ನೂರೈವತ್ತು ರೂಪಾಯಿಯ ಆಸುಪಾಸು. ಮಿನಿಮಮ್ ಅನ್ನುವುದು ಎಷ್ಟು ಸಾಧು ಶಬ್ದ. 'ಇಷ್ಟು ಕೊಟ್ಟರೆ ಸಾಕು ಮಾರಾಯಾ, ಉಳಿದದ್ದು ನಿಧಾನ ನೋಡಿಕೊಂಡರಾಯಿತು' ಎಂದು ಹೆಗಲ ಮೇಲೆ ಕೈ ಹಾಕಿದ ಹಾಗೆ ಕೇಳುತ್ತದೆ. ಸಾಕು ಯಾರಿಗೆ? ಅದನ್ನು ಮಾತ್ರ ಅಲ್ಲಿ ಬರೆದಿರುವುದಿಲ್ಲ. ಬರೆದಿದ್ದರೂ ಇರುವೆ ಸಾಲಿನಂಥ ಅಕ್ಷರದಲ್ಲಿ.

ಮೇ ತಿಂಗಳಲ್ಲಿ ಮನೆಯ ಮಾಡಿಗೆ ಶೀಟು ಹಾಕಿಸಲು ಅದೇ ಕಾರ್ಡನ್ನು ಎಟಿಎಮ್ಮಿಗೆ ಹಾಕಿ ಹತ್ತು ಸಾವಿರ ನಗದು ತೆಗೆದಿದ್ದ. ನಗದು ತೆಗೆದರೆ ಬಡ್ಡಿ ಅದೇ ದಿನದಿಂದ ಶುರು, ಮೇಲೆ ಫೀ ಬೇರೆ. "ದುಡ್ಡು ಬಂತಲ್ಲ ಅಕ್ಕೋರೆ, ಹಂಗಾಗಿ ನಮ್ದೇ ಖಾತೆ ಇದ್ದಂಗೆ ಅನ್ನಿಸ್ತು." ಇದನ್ನು ಕೇಳಿ ನಗಬೇಡಿ. ನನ್ನ ಗೆಳತಿಯೊಬ್ಬಳಿಗೆ ಕಾರ್ಡಿನ ಲಿಮಿಟ್ ಹೆಚ್ಚಾಗಿದೆಯೆಂದು ಮೆಸೇಜ್ ಬಂದಾಗ ಪ್ರಮೋಶನ್ ಸಿಕ್ಕವರಂತೆ ಓಣಿಗೆಲ್ಲ ಹೇಳಿದ್ದಳು. ನಮ್ಮ ಮನೆಯವರು ರಿವಾರ್ಡ್ ಪಾಯಿಂಟಿನ ಆಸೆಗೆ ವರ್ಷವಿಡೀ ಬೇಡದ್ದೆಲ್ಲ ತಂದು, ಕೊನೆಗೆ ಒಂದು ಪ್ರವಾಸದ ಸೂಟ್‌ಕೇಸ್ ಗೆದ್ದರು. ಪ್ರವಾಸಕ್ಕೆ ದುಡ್ಡುಳಿಯಲಿಲ್ಲ. ಸೂಟ್‌ಕೇಸಿನಲ್ಲಿ ಈಗ ಕಂಬಳಿ ಇದೆ.

"ಸರಿ. ಮೇ ತನಕ ಕಟ್ಟಿದ್ದೀಯಲ್ಲ. ಜೂನ್, ಜುಲೈ ಯಾಕೆ ಕಟ್ಟಲಿಲ್ಲ?"

ಮಂಜುನಾಥ ಮೊದಲ ಬಾರಿಗೆ ತಲೆಯೆತ್ತಿ ನನ್ನನ್ನು ನೋಡಿದ. ಇಷ್ಟು ಸಣ್ಣ ವಿಷಯ ಅಕ್ಕೋರಿಗೆ ಗೊತ್ತಿಲ್ಲವೇ ಎನ್ನುವ ಹಾಗೆ.

"ಜೂನ್, ಜುಲೈ ಬೋಟ್ ಬಂದ್ ಅಲ್ವಾ?"

ದೂರದ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕು. ನಮ್ಮ ಕರಾವಳಿಯಲ್ಲಿ ಆ ಎರಡು ತಿಂಗಳು ಯಾಂತ್ರಿಕ ಬೋಟುಗಳು ಕಡಲಿಗಿಳಿಯುವಂತಿಲ್ಲ. ಮೀನು ಮೊಟ್ಟೆಯಿಡುವ ಕಾಲ, ಸರ್ಕಾರದ ನಿಷೇಧ. ದುಡಿಮೆ ಇಲ್ಲ. ಹಾಗಾಗಿ ಆ ಎರಡು ತಿಂಗಳು ಸಾಲವನ್ನೂ ಯಾರೂ ಕೇಳುವುದಿಲ್ಲ. ಬೋಟಿನ ಮಾಲೀಕರು ಮಳೆಗಾಲದ ಖರ್ಚಿಗೆ ಮುಂಗಡ ಕೊಡುತ್ತಾರೆ, ಆಗಸ್ಟಿನಿಂದ ಕೆಲಸದವರ ಪಾಲಿನ ದುಡ್ಡಿನಲ್ಲಿ ಹಿಡಿದುಕೊಳ್ಳುತ್ತಾರೆ. ಕಿರಾಣಿ ಅಂಗಡಿಯವನು ಬರೆದಿಡುತ್ತಾನೆ, ಬಾಯಿ ಬಿಡುವುದಿಲ್ಲ. ಬಡ್ಡಿಯ ಮಾತೇ ಇಲ್ಲ. ಯಾರೂ ಕಾಗದ ಮಾಡಿಕೊಂಡ ನಿಯಮವಲ್ಲ, ಆದರೆ ಮುರಿದವರನ್ನು ನಾನು ನೋಡಿಲ್ಲ. ಬೋಟು ದಡ ಹತ್ತಿತೆಂದರೆ ಬಾಕಿಯೂ ಅದರ ಜೊತೆ ದಡ ಹತ್ತಿದ ಹಾಗೆ.

ಮಂಜುನಾಥ ಕಾರ್ಡನ್ನೂ ಹಾಗೇ ದಡ ಹತ್ತಿಸಿದ್ದ.

"ಬ್ಯಾಂಕಿನವರು ಫೋನ್ ಮಾಡಲಿಲ್ಲವಾ?"

"ಮಾಡಿದ್ರು. ಒಂದು ಹುಡ್ಗಿ ಮಾತಾಡ್ತು. ಬೋಟ್ ಬಂದ್ ಅದೆ, ಆಗಸ್ಟಿಗೆ ನೋಡ್ವಾ ಅಂದೆ. ಯಾವ ಬೋಟ್ ಸರ್ ಅಂತ ಕೇಳ್ತು. ನಾ ಬೋಟಿನ ಹೆಸ್ರು ಹೇಳ್ದೆ."

"ಆಮೇಲೆ?"

"ನೋಟ್ ಮಾಡ್ಕೊಂಡಿದ್ದೇನೆ ಸರ್ ಅಂತು. ಹಂಗಾರೆ ಆತು ಅಂತ ಬಿಟ್ಟೆ."

ಮಾದೇವಿ ಬೇರೆ ಕಡೆ ನೋಡುತ್ತಿದ್ದವಳು ಸೆರಗು ಬಾಯಿಗೆ ಒತ್ತಿಕೊಂಡಳು. ಅಳುತ್ತಿದ್ದಾಳೆಂದುಕೊಂಡೆ. ನಗುತ್ತಿದ್ದಳು. ನನಗೂ ತಡೆಯಲಾಗಲಿಲ್ಲ. ಎಲ್ಲೋ ಎಸಿ ರೂಮಿನಲ್ಲಿ ಕೂತ ಆ ಹುಡುಗಿ ನಮ್ಮ ಬೋಟಿನ ಹೆಸರನ್ನು ಕಂಪ್ಯೂಟರಿನಲ್ಲಿ ಯಾವ ಕಾಲಮ್ಮಿಗೆ ತುಂಬಿಸಿರಬಹುದು?

ಎರಡು ತಿಂಗಳು ದಂಡ ಬಿತ್ತು. ದಂಡದ ಮೇಲೆ ಬಡ್ಡಿ, ಬಡ್ಡಿಯ ಮೇಲೆ ಬಡ್ಡಿ. ಜುಲೈ ಕೊನೆಗೆ ಫೋನಿನ ಧ್ವನಿ ಬದಲಾಯಿತು. ಹುಡುಗಿ ಹೋಗಿ ಒರಟು ಗಂಡಸು ಬಂದ. ಮಂಜುನಾಥ ಹೆದರಿ ಆ್ಯಪಿನಲ್ಲಿ ಎಂಟು ಸಾವಿರ ಸಾಲ ತೆಗೆದ. ಫೀ ಕಳೆದು ಕೈಗೆ ಬಂದದ್ದು ಆರೂವರೆ, ಅದು ಕಾರ್ಡಿಗೆ ಹೋಯಿತು. ಹದಿನೈದು ದಿನಕ್ಕೆ ಎಂಟು ವಾಪಸ್. ಆಗಲಿಲ್ಲ. ಅದು ಹನ್ನೊಂದಾಯಿತು. ಎರಡೂ ಸೇರಿ ಐವತ್ತು ಸಾವಿರದ ಹತ್ತಿರ.

ನಾನು ಸುಮ್ಮನಿರುವ ಜಾತಿಯವಳಲ್ಲ. "ಎಂಟನೇ ಕ್ಲಾಸಿನಲ್ಲಿ ನಿನಗೆ ಚಕ್ರಬಡ್ಡಿ ಕಲಿಸಿದ್ದು ಯಾರು? ಕಲಿಸಿದ್ದೆನೋ ಇಲ್ಲವೋ?" ಅಂದೆ.

"ಕಲ್ಸಿದ್ರಿ ಅಕ್ಕೋರೆ. ಆದ್ರೆ ನಿಮ್ಮ ಲೆಕ್ಕದಲ್ಲಿ ಚಕ್ರ ವರ್ಷಕ್ಕೊಂದ್ಸಲ ತಿರುಗ್ತಿತ್ತು. ಇದು ತಿಂಗ್ಳಿಗೊಂದ್ಸಲ ತಿರುಗ್ತದೆ."

ಮಾತು ನಿಜ. ಮೂವತ್ತು ವರ್ಷ ಅದೇ ಪುಸ್ತಕ, ಅದೇ ರಾಮ ಸೋಮರ ಸಾಲ, ಅದೇ ವಾರ್ಷಿಕ ಬಡ್ಡಿ. ಆದರೂ ಸೋಲಲು ಮನಸ್ಸಿಲ್ಲದೆ ನಾನು ಭಾಷಣ ಶುರು ಮಾಡಿದೆ. ಕೊಡಬೇಕಾದ ದುಡ್ಡನ್ನು ಮುಂದೂಡಬಾರದು. ಮಳೆಗಾಲ ಇದೆಯೆಂದು ಕೊಟ್ಟವರು ಸುಮ್ಮನಿರುತ್ತಾರೆಯೇ? ಅವರಿಗೂ ಖರ್ಚಿರುವುದಿಲ್ಲವೇ? ತಿಂಗಳ ಬಾಕಿ ತಿಂಗಳಿಗೆ ತೀರಿಸಬೇಕು. ಹೀಗೇ ಐದು ನಿಮಿಷ.

ಮಂಜುನಾಥ ಪೂರ್ತಿ ಕೇಳಿದ. ಆಮೇಲೆ ತೀರಾ ವಿನಯದಿಂದ ಹೇಳಿದ.

"ನೀವೂ ಜೂನ್, ಜುಲೈ ಮೀನಿನ ಬಾಕಿ ಕೊಡುದಿಲ್ಲಲ್ಲ ಅಕ್ಕೋರೆ."

"ಎಂತಕ್ಕೆ ಬೇಕು ಆ ಮಾತು ಈಗ?" ಎಂದು ಮಾದೇವಿ ಗಂಡನನ್ನು ಗದರಿದಳು. ಗದರಿದಳೇ ಹೊರತು, ಸುಳ್ಳು ಅನ್ನಲಿಲ್ಲ.

ಪೆನ್ನು ಕೆಳಗಿಟ್ಟೆ. ನಮ್ಮ ಓಣಿಯಲ್ಲಿ ಮಾದೇವಿಯ ಮೀನೆಲ್ಲ ಉದ್ರಿ. 'ಚಿಲ್ಲರೆ ಇಲ್ಲ ಮಾರಾಯ್ತಿ', 'ನಾಳೆ ಸೇರಿಸಿ ಕೊಡುತ್ತೇನೆ', 'ಇವರು ಎಟಿಎಮ್ಮಿಗೆ ಹೋಗಿಲ್ಲ'. ಅವಳು ಓದು ಬರಹದವಳಲ್ಲ, ಎಲ್ಲ ಬಾಯಲ್ಲೇ. ಮೇ ಮುಗಿಯಿತೆಂದರೆ ಅವಳು ಬರುವುದು ಕಡಿಮೆ, ಬಂದರೂ ಒಣಮೀನು ಹಿಡಿದು. ಬಂದ್ ತಿಂಗಳಲ್ಲಿ ಹಳೇ ಬಾಕಿ ಕೇಳುವುದು ಪದ್ಧತಿಯಲ್ಲ. ಹಾಗಾಗಿ ನಾವೂ ಕೊಡುವುದಿಲ್ಲ. ಆಗಸ್ಟಿನಲ್ಲಿ ಹೊಸ ಮೀನು, ಹೊಸ ಬಾಕಿ. ನನಗೆ ಪ್ರತಿ ತಿಂಗಳು ಪೆನ್ಶನ್ ಬರುತ್ತದೆ. ಫೋನಿನಲ್ಲೇ ದುಡ್ಡು ಕಳಿಸಲು ಬರುತ್ತದೆ. ನನ್ನ ಯಾವ ಬೋಟು ಬಂದ್ ಆಗಿತ್ತು?

"ಮಾದೇವಿ, ನನ್ನದು ಎಷ್ಟಿದೆ?" ಅಂದೆ.

"ಇರ್ಲಿ ಬಿಡಿ ಅಕ್ಕೋರೆ."

"ಹೇಳು."

"ಎರಡು ಸಾವಿರದ ಆರ್ನೂರ ನಲವತ್ತು." ಒಂದು ಕ್ಷಣವೂ ಯೋಚಿಸಲಿಲ್ಲ. "ಮೇ ತಿಂಗ್ಳದ್ದು ಸಾವಿರದಿನ್ನೂರು, ಅದ್ರ ಮೇಲೆ ಒಣ ಸಿಗಡಿ ಎರಡ್ಸಲ, ಉಳ್ದದ್ದು ಈಗಿಂದು."

ಮತ್ತೆ ಯಾರ್ಯಾರದ್ದು ಇದೆ ಎಂದು ಕೇಳಿದೆ. ಕಣ್ಣು ಮುಚ್ಚಿ, ಓಣಿಯ ಆಚೆ ತುದಿಯಿಂದ ಮನೆ ಮನೆ ಹತ್ತುತ್ತಾ ಇಳಿಯುತ್ತಾ ಹೇಳಿದಳು. ಹಳದಿ ಗೇಟಿನವರು, ನಾಯಿ ಇರುವವರು, ಬಾವಿ ಪಕ್ಕದವರು. ನಾನು ಬರೆದುಕೊಂಡೆ. ಎರಡು ಕಾರು ಇರುವ ಮನೆಯದೇ ಎಲ್ಲರಿಗಿಂತ ದೊಡ್ಡದು. ಕೂಡಿಸಿದರೆ ಇಪ್ಪತ್ತೊಂದು ಸಾವಿರ ದಾಟಿತು. ಅಂದರೆ ಏನಾಯಿತು? ನಾವು ಇಡೀ ಓಣಿಯವರು ಮಾದೇವಿಯ ಹತ್ತಿರ ಬಡ್ಡಿಯಿಲ್ಲದೆ ಸಾಲ ಮಾಡಿದ್ದೇವೆ. ಅವಳ ಗಂಡ ಆ ದುಡ್ಡು ಕೈಯಲ್ಲಿಲ್ಲದೆ ನೂರಕ್ಕೆ ತಿಂಗಳಿಗೆ ಮೂರೂವರೆಯಂತೆ ಬಡ್ಡಿ ಕಟ್ಟುತ್ತಿದ್ದಾನೆ. ಈ ಓಣಿಗೆ ಹದಿನೇಳು ವರ್ಷದಿಂದ ಒಂದು ಕ್ರೆಡಿಟ್ ಕಾರ್ಡ್ ಇತ್ತು. ಅದು ತಲೆ ಮೇಲೆ ಬುಟ್ಟಿ ಹೊತ್ತು ಬರುತ್ತಿತ್ತು. ನನಗೆ ನಿಜಕ್ಕೂ ನಾಚಿಕೆಯಾಯಿತು.

ನನ್ನದನ್ನು ಅಲ್ಲೇ ಕೊಟ್ಟೆ. ಉಳಿದವರಿಗೆ ಓಣಿಯ ಹೆಂಗಸರ ವಾಟ್ಸ್ಯಾಪ್ ಗುಂಪಿನಲ್ಲಿ ಹಾಕಿದೆ. ಅವಳ ಮನೆಯ ಕಷ್ಟ ಬರೆಯಲಿಲ್ಲ. 'ನಾನು ಮಾದೇವಿಯ ಬಾಕಿ ತೀರಿಸಿದೆ. ನೀವು?' ಅಷ್ಟೇ. ಆಮೇಲೆ 'ಅಯ್ಯೋ, ಮರೆತೇ ಹೋಗಿತ್ತು' ಎಂದು ಕೈಮುಗಿಯುವ ಚಿತ್ರಗಳ ಸಾಲು ಬಂತು. ಒಂದು ವಾರದಲ್ಲಿ ಇಪ್ಪತ್ತೊಂದು ಸಾವಿರವೂ ಬಂತು. ಎರಡು ಕಾರಿನವರು ಮಾತ್ರ ಎರಡು ಕಂತಿನಲ್ಲಿ ಕೊಟ್ಟರು.

ಮೊದಲು ಆ್ಯಪಿನ ಹನ್ನೊಂದು ಸಾವಿರ ಕಟ್ಟಿ ರಸೀದಿ ಉಳಿಸಿಕೊಂಡೆವು. ಮಿಕ್ಕ ಹತ್ತು ಕಾರ್ಡಿಗೆ ಹೋಯಿತು. ಉಳಿದದ್ದು ಇಪ್ಪತ್ತೆಂಟು ಸಾವಿರ. ಅಂದರೆ ಪೆಟ್ಟಿಗೆಯ ಬೆಲೆ. ಹತ್ತು ತಿಂಗಳು ಊರೆಲ್ಲ ಸುತ್ತಿ ಸಾಲ ಹೊರಟ ಜಾಗಕ್ಕೇ ಬಂದು ನಿಂತಿತ್ತು.

ಇನ್ನು ಬಳೆ. ಮಾದೇವಿಗೆ ನಾಲ್ಕು ಚಿನ್ನದ ಬಳೆಗಳಿವೆ, ಸ್ವಂತ ದುಡಿದು ಮಾಡಿಸಿದ್ದು. ಈಗಿನ ರೇಟಿಗೆ ಒಂದನ್ನು ಸಹಕಾರಿ ಸೊಸೈಟಿಯಲ್ಲಿ ಅಡವಿಟ್ಟರೆ ಇಷ್ಟು ದುಡ್ಡು ಧಾರಾಳ ಸಿಗುತ್ತದೆ. ಬಡ್ಡಿ ನೂರಕ್ಕೆ ತಿಂಗಳಿಗೆ ಒಂದು ರೂಪಾಯಿಯ ಆಸುಪಾಸು. ಮೂರೂವರೆ ಎಲ್ಲಿ, ಒಂದು ಎಲ್ಲಿ? ಇದನ್ನು ದೀಪಾವಳಿಯಲ್ಲೇ ಮಾಡಬಹುದಿತ್ತಲ್ಲ ಎಂದು ಮಾದೇವಿಯನ್ನು ಕೇಳಿದೆ.

"ಬಳೆ ಇಟ್ರೆ ಜನ ಎಂತ ಹೇಳ್ತ್ರು ಅಕ್ಕೋರೆ? ಕಾರ್ಡ್ ತಿಕ್ಕಿದ್ರೆ ಯಾರೂ ನೋಡುದಿಲ್ಲ."

ಇಡೀ ವಿಷಯ ಈ ಮಾತಿನಲ್ಲಿದೆ. ಅಗ್ಗದ ಸಾಲ ಮಾಡಲು ನಮಗೆ ನಾಚಿಕೆ. ದುಬಾರಿ ಸಾಲವನ್ನು ಪರ್ಸಿನ ಎದುರು ಕಿಸೆಯಲ್ಲಿ, ಹೊಳೆಯುವ ಬದಿ ಮೇಲೆ ಮಾಡಿ ಇಟ್ಟುಕೊಳ್ಳುತ್ತೇವೆ. ಬಿಲ್ ಕೊಡುವಾಗ ಎರಡು ಬೆರಳಲ್ಲಿ ಹಿಡಿದು ಕೊಡುತ್ತೇವೆ. ಸೊಸೈಟಿಯ ಮೆಟ್ಟಿಲು ಹತ್ತುವಾಗ ಮಾತ್ರ ಆಚೆ ಈಚೆ ನೋಡುತ್ತೇವೆ.

ಹೊನ್ನಾವರದಲ್ಲಿ ಬೇಡವೇ ಬೇಡ, ಕುಮಟೆಗೆ ಹೋಗೋಣ ಎಂದು ಹಠ ಹಿಡಿದಳು. ಅಲ್ಲಿ ಯಾರಿಗೂ ಗುರುತಿಲ್ಲವಂತೆ. ಆತು ಎಂದು ನಾನೂ ಜೊತೆಗೆ ಬಸ್ಸು ಹತ್ತಿದೆ. ಕುಮಟೆಯ ಸೊಸೈಟಿಯಲ್ಲಿ ಚಿನ್ನದ ಕೌಂಟರಿನ ಮುಂದೆ ಒಂಬತ್ತು ಜನರ ಸಾಲು. ಅದರಲ್ಲಿ ನಾಲ್ವರು ಹೊನ್ನಾವರದವರು. ಒಬ್ಬರಂತೂ ನನ್ನ ಜೊತೆ ಹನ್ನೆರಡು ವರ್ಷ ಇದ್ದ ಹೆಡ್‌ಮಾಸ್ತರು. ನನ್ನನ್ನು ನೋಡಿದ್ದೇ ತಡ, ಗೋಡೆಯ ಕ್ಯಾಲೆಂಡರಿನಲ್ಲಿ ಬಹಳ ಶ್ರದ್ಧೆಯಿಂದ ಏಕಾದಶಿ ಹುಡುಕತೊಡಗಿದರು. ನಾನು ಫ್ಯಾನು ನೋಡಿದೆ. ಮಾದೇವಿ ಇಬ್ಬರನ್ನೂ ನೋಡಿದಳು.

"ನಮಸ್ಕಾರ ಮಾಸ್ತರೆ. ನೀವೂ ಗುರುತಿಲ್ದ ಊರು ಹುಡ್ಕಂಡು ಬಂದ್ರಾ?"

ಸಾಲಿಗೆ ಸಾಲೇ ನಕ್ಕಿತು. ಹೆಡ್‌ಮಾಸ್ತರೂ ನಕ್ಕರು. ಅರ್ಧ ಗಂಟೆಯಲ್ಲಿ ಎಲ್ಲರೂ ಅವರವರ ಸಾಲದ ಕತೆ ಹೇಳಿಕೊಂಡು ಮದುವೆ ಮನೆಯ ಪಂಕ್ತಿಯಲ್ಲಿ ಕೂತವರಂತೆ ಆಗಿದ್ದೆವು. ಹಂಚಿಕೊಂಡ ಮೇಲೆ ಸಾಲ ಕಡಿಮೆಯಾಗುವುದಿಲ್ಲ, ನಿಜ. ಆದರೆ ಹಾಸಿಗೆಯ ಅಡಿಗೆ ಬಚ್ಚಿಡುವ ಕೆಲಸ ತಪ್ಪುತ್ತದೆ. ಮಂಜುನಾಥ ಇದನ್ನು ಹೆಂಡತಿಗೆ ಡಿಸೆಂಬರಿನಲ್ಲಿ ಹೇಳಿದ್ದರೆ ಆ್ಯಪಿನವನ ಫೋನ್ ಬರುತ್ತಲೇ ಇರಲಿಲ್ಲ.

ಕಾರ್ಡಿನ ಬಾಕಿ ಪೂರ್ತಿ ಕಟ್ಟಿದೆವು. ಮಾದೇವಿ ಕಾರ್ಡನ್ನು ಮೀನು ಕೊಯ್ಯುವ ಮೆಟ್ಟುಗತ್ತಿಗೆ ಕೊಟ್ಟು, ಬಂಗಡೆ ತಲೆ ತೆಗೆದಷ್ಟೇ ಸಲೀಸಾಗಿ ಎರಡು ತುಂಡು ಮಾಡಿದಳು. ಅಷ್ಟಕ್ಕೇ ಕಾರ್ಡ್ ಸಾಯುವುದಿಲ್ಲ ಎಂದು ನಾನು ಬ್ಯಾಂಕಿಗೆ ಕಾಗದ ಬರೆಸಿ, ಖಾತೆ ಮುಚ್ಚಿದ್ದಕ್ಕೆ ಉತ್ತರ ತರಿಸಿದೆ. (ನೀವೂ ತರಿಸಿ. ಕತ್ತರಿ ಹಾಕಿ ಸುಮ್ಮನಾಗಬೇಡಿ.) ಪೆಟ್ಟಿಗೆ ಅವಳ ಮನೆಯಲ್ಲೇ ಇದೆ, ತುಂಬಿಯೂ ಇದೆ. ಬಳೆ ಬಿಡಿಸಲು ಮಂಜುನಾಥ ಪ್ರತಿ ವಾರ ಪಾಲಿನ ದುಡ್ಡಿನಲ್ಲಿ ಒಂದು ಭಾಗ ಹೆಂಡತಿಯ ಕೈಗೇ ಕೊಡುತ್ತಾನಂತೆ. ಈಗ ಅವಳ ಎಡಗೈಯಲ್ಲಿ ಎರಡು ಬಳೆ, ಬಲಗೈಯಲ್ಲಿ ಒಂದು. ಯಾರಾದರೂ ಕೇಳಿದರೆ, "ಒಂದು ಕುಮಟೆಯಲ್ಲಿ ಅದೆ, ಮುಂದಿನ ಮಳೆಗಾಲದ ಒಳಗೆ ಬತ್ತದೆ," ಎಂದು ರಾಜಾರೋಷವಾಗಿ ಹೇಳುತ್ತಾಳೆ.

ಮೊನ್ನೆ ಶುಕ್ರವಾರ ಬಂದಿದ್ದಳು. ಬುಟ್ಟಿಯಲ್ಲಿ ಕಾಗದ ಇರಲಿಲ್ಲ, ತಾಜಾ ಬಂಗಡೆ ಇತ್ತು. ಬೆಕ್ಕಿಗೂ ನನಗೂ ಒಟ್ಟಿಗೇ ಖುಷಿಯಾಯಿತು. ಹತ್ತು ಎಣಿಸಿ ಪಾತ್ರೆಗೆ ಹಾಕಿದಳು. ಪರ್ಸು ತೆಗೆದು ನೋಡಿದರೆ ಬರೀ ಐನೂರರ ನೋಟು. ಹದಿನೇಳು ವರ್ಷದ ಅಭ್ಯಾಸ, ನಾಲಿಗೆ ತಾನಾಗಿ ಹೊರಳಿತು.

"ಚಿಲ್ಲರೆ ಇಲ್ಲ ಮಾದೇವಿ. ನಾಳೆ ಸೇರಿಸಿ ಕೊಡಲಾ?"

ಮಾದೇವಿ ಬುಟ್ಟಿ ತಲೆಗೇರಿಸಿಕೊಂಡು, ಒಂದು ಕೈ ಸೊಂಟಕ್ಕಿಟ್ಟು, ನಗದೆ ಕೇಳಿದಳು.

"ಮಿನಿಮಮ್ ಡ್ಯೂ ಆದ್ರೂ ಕೊಡ್ತ್ರಾ ಅಕ್ಕೋರೆ?"